ಬಣ್ಣದಕ್ಕ ಕಂಡ ನೀಲಿ

ಆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಯಜಮಾನರಿಂದ ಹಿಡಿದು ಕಾಗದ ಕತ್ತರಿಸುವವನ ತನಕ ಎಲ್ಲರಿಗೂ ಅವಳು ಬಣ್ಣದಕ್ಕ. ಸೋಪಿನ ಪೊಟ್ಟಣವಿರಲಿ, ಮಕ್ಕಳ ಚಿತ್ರಪುಸ್ತಕವಿರಲಿ, ಯಂತ್ರಕ್ಕೆ ಹೋಗುವ ಮುಂಚೆ ಅವಳ ಕಂಪ್ಯೂಟರಿನಲ್ಲಿ ಹಾಜರಿ ಹಾಕಲೇಬೇಕು. ಅವಳು ಕತ್ತು ಓರೆ ಮಾಡಿ ಪರದೆಯನ್ನು ನೋಡಿ, ಮೌಸನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ "ಹಾಕಿ" ಎಂದರೆ ಮುಗಿಯಿತು, ಎಂಥ ತಕರಾರಿನ ಗಿರಾಕಿಯೂ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡು ಹೋಗುತ್ತಿದ್ದ. ಅವಳಿಗೆ ಜಂಬ ಇರಲಿಲ್ಲವೇ ಎಂದರೆ, ಇತ್ತು. ಇರಬೇಕಾದ್ದೇ ಬಿಡಿ.

ಅವಳದೊಂದು ಪದ್ಧತಿಯಿತ್ತು. ಪರದೆಯ ಮೇಲೆ ನೀಲಿ ಕೊಂಚ ಸಪ್ಪೆಯಾಗಿ, ಹಳದಿಗೆ ತಿರುಗಿದ ಹಾಗೆ ಕಾಣುವಂತೆ ಇಡಬೇಕು. ಆಗ ಕಾಗದದ ಮೇಲೆ ಅದು ಸರಿಯಾಗಿ ಕೂರುತ್ತದೆ. ಯಾಕೆ ಎಂದು ಯಾರಾದರೂ ಕೇಳಿದರೆ, "ಪರದೆ ಬೇರೆ, ಕಾಗದ ಬೇರೆ ಕಣ್ರಪ್ಪ. ಕೈಗೆ ಗೊತ್ತಾಗ್ಬೇಕು" ಎನ್ನುತ್ತಿದ್ದಳು. ವರ್ಷಗಟ್ಟಲೆ ಆ ಕೈ ಒಮ್ಮೆಯೂ ತಪ್ಪಿರಲಿಲ್ಲ.

ಒಂದು ದಿನ ಯಜಮಾನರು ಅವಳ ಮೇಜಿಗೆ ಹೊಸ ಕಂಪ್ಯೂಟರು, ಹೊಸ ಮಾನಿಟರು ತರಿಸಿದರು. ಎರಡನ್ನೂ ಜೋಡಿಸಿದ ಕೇಬಲ್ಲೂ ಹೊಸ ಜಾತಿಯದು, ಡಿಜಿಟಲ್ ಅಂತೆ. ಹಳೆಯ ನೀಲಿ ಮೂತಿಯ, ಎರಡು ತಿರುಪು ಹಾಕಿ ಬಿಗಿಯುವ ದಪ್ಪ ಕೇಬಲ್ಲು ಮೂಲೆ ಸೇರಿತು. ಪರದೆ ಹೊತ್ತಿಕೊಂಡಾಗ ಅಕ್ಷರಗಳು ಕೊರೆದಿಟ್ಟ ಹಾಗೆ ನಿಂತವು. ಎಲ್ಲರೂ ಬಂದು ಕಣ್ಣು ಬಾಯಿ ಬಿಟ್ಟು ನೋಡಿ ಹೋದರು. ಬಣ್ಣದಕ್ಕನಿಗೆ ಮಾತ್ರ ನೀಲಿ ಕಣ್ಣಿಗೆ ಹೊಡೆಯಿತು. ಇಷ್ಟು ಅಬ್ಬರ ಯಾಕೆ ಎಂದುಕೊಂಡು ಎಂದಿನಂತೆ ಇಳಿಸಿದಳು, ಸಪ್ಪೆ ಮಾಡಿದಳು, "ಹಾಕಿ" ಎಂದಳು.

ಪ್ರಿಂಟು ಬೂದಿ ಬಳಿದುಕೊಂಡು ಬಂತು. ಬಟ್ಟೆ ಸೋಪಿನ ಪೊಟ್ಟಣವನ್ನು ನೋಡಿದರೆ ಅದನ್ನೇ ಒಮ್ಮೆ ಒಗೆಯಬೇಕು ಎನಿಸುವಂತಿತ್ತು. ಇನ್ನೊಂದು ಹಾಕಿದಳು, ಅದೂ ಅಷ್ಟೇ. ನೀಲಿಯನ್ನು ಏರಿಸೋಣವೆಂದರೆ ಕಾಗದವೆಲ್ಲ ಮಸಿಯಾದೀತೆಂದು ಕೈ ಹಿಂಜರಿಯುತ್ತಿತ್ತು. ಅಷ್ಟು ವರ್ಷ ಪಳಗಿದ ಕೈ ಅದು, ಹೇಳಿದ ಮಾತು ಕೇಳುವುದುಂಟೇ?

ಯಂತ್ರದ ಮೇಲೆ ಅವಳಿಗೆ ಅನುಮಾನ ಹುಟ್ಟಲಿಲ್ಲ, ತನ್ನ ಕಣ್ಣಿನ ಮೇಲೆ ಹುಟ್ಟಿತು. ಅವಳ ತಾಯಿಯ ಕಣ್ಣಿಗೆ ಪೊರೆ ಬಂದಿತ್ತು. ಬಿಳಿ ಟವೆಲನ್ನು ಹಳದಿ ಎಂದು ಹಟ ಹಿಡಿದು, ಒಗೆದವಳನ್ನೇ ಬೈಯುತ್ತಿದ್ದ ಮುದುಕಿ. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮರುದಿನ ಬಚ್ಚಲುಮನೆಯ ಹೊಸ್ತಿಲ ಮೇಲೆ ಕೂತು, ಪ್ಲಾಸ್ಟಿಕ್ ಬಕೆಟನ್ನು ದಿಟ್ಟಿಸುತ್ತಾ, "ಇದು ಇಷ್ಟು ನೀಲಿನಾ? ನಂಗೆ ಯಾರೂ ಹೇಳ್ಲೇ ಇಲ್ವಲ್ಲೇ!" ಎಂದು ಕಣ್ಣೀರು ಹಾಕಿದ್ದಳು. ಬಣ್ಣದಕ್ಕ ಬಿದ್ದು ಬಿದ್ದು ನಕ್ಕಿದ್ದಳು. ಈಗ ಆ ಪೊರೆ ತನಗೂ ಬಂತು ಎಂದು ಅವಳ ಲೆಕ್ಕ. ಡಾಕ್ಟರ ಹತ್ತಿರ ಹೋದರೆ ಹೌದು ಎಂದುಬಿಡುತ್ತಾರೆ ಎಂಬ ಹೆದರಿಕೆಗೆ, ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಳು. ಕಣ್ಣೇ ಹೋದರೆ ಬಣ್ಣದಕ್ಕ ಯಾರು?

ಅಷ್ಟರಲ್ಲಿ ಮಕ್ಕಳ ಪುಸ್ತಕವೊಂದರ ರಕ್ಷಾಪುಟ ಬಂತು. ಪುಟದ ತುಂಬಾ ಸಮುದ್ರ, ನಡುವೆ ಒಂದು ಪುಟಾಣಿ ದೋಣಿ. ಚಿತ್ರಕಾರ ಬರೆದ ಮೂಲ ಚಿತ್ರವೂ ಜೊತೆಗಿತ್ತು. ಬಣ್ಣದಕ್ಕ ಹಾಕಿಸಿದ ಮಾದರಿ ಪ್ರಿಂಟನ್ನು ಅದರ ಪಕ್ಕ ಹಿಡಿದರೆ, ಸಮುದ್ರವೆಲ್ಲ ಪಾತ್ರೆ ತೊಳೆದ ನೀರು.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕಾ, ನಾಳೆ ಇನ್ನೊಂದ್ಸಲ ನೋಡಿ. ಆಗ್ಲಿಲ್ಲ ಅಂದ್ರೆ ಬಣ್ಣದ ಕೆಲಸ ಹೊರಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

"ಇಲ್ಲ ಬಿಡಿ" ಎಂದಳು.

ಮರುದಿನ ಬೆಳಿಗ್ಗೆ ಅವಳು ಬಂದಾಗ ಕಂಪ್ಯೂಟರ್ ಮೆಕ್ಯಾನಿಕ್ಕು ಅವಳ ಮೇಜನ್ನೇ ಆಕ್ರಮಿಸಿದ್ದ. ಹಳೆಯ ಮಾನಿಟರನ್ನು ಬಿಲ್ ಬರೆಯುವ ಮೇಜಿಗೆ ಹಾಕಬೇಕು, ಅದಕ್ಕೆ ಮುಂಚೆ ಪರೀಕ್ಷೆ. ಹೊಸದರ ಪಕ್ಕದಲ್ಲಿ ಅದನ್ನಿಟ್ಟು, ಅದೇ ಕಂಪ್ಯೂಟರಿಗೆ ಹಳೆಯ ಕೇಬಲ್ಲಿನಿಂದ ಜೋಡಿಸಿ, ಎರಡರಲ್ಲೂ ಒಂದೇ ಚಿತ್ರ ಬರುವಂತೆ ಮಾಡಿದ್ದ. ತೆರೆದಿದ್ದದ್ದು ಆ ಸಮುದ್ರವೇ, ಇನ್ನೂ ಯಾರೂ ಕೈಯಾಡಿಸದ ಚಿತ್ರ.

ಹೊಸ ಪರದೆಯಲ್ಲಿ ನೀಲಿ ಸಮುದ್ರ. ಹಳೆಯದರಲ್ಲಿ ಹಳದಿಗೆ ತಿರುಗಿದ ಸಮುದ್ರ.

ಬಣ್ಣದಕ್ಕ ಬ್ಯಾಗನ್ನು ಇಳಿಸುವುದನ್ನೂ ಮರೆತಳು. "ನಿಂಗೂ ಎರಡೂ ಬೇರೆ ಬೇರೆ ಕಾಣ್ತಿದ್ಯಾ?"

"ಕಾಣದೆ ಏನಕ್ಕಾ? ಹಳೇದು ಕಾಮಾಲೆ ಬಂದ ಹಾಗಿದೆ." ಅವನು ಹಳೆಯ ಕೇಬಲ್ಲಿನ ಮೂತಿಯನ್ನು ಬೆರಳಿನಿಂದ ಅಲ್ಲಾಡಿಸಿದ. ಹಳದಿ ಸಮುದ್ರಕ್ಕೆ ಒಂದು ಕ್ಷಣ ನೀಲಿ ಹರಿದು ಬಂತು, ಮತ್ತೆ ಹೋಯಿತು. "ನೋಡಿ, ಮಾನಿಟರ್ ಚೆನ್ನಾಗೇ ಇದೆ. ತಪ್ಪೆಲ್ಲ ಈ ಕೇಬಲ್ಲಿಂದು."

ಕಳಚಿ ತೋರಿಸಿದ. ಮೂತಿಯೊಳಗಿನ ಸಾಲು ಸೂಜಿಗಳ ನಡುವೆ ಒಂದು ಕಪ್ಪಿಟ್ಟಿತ್ತು. "ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ. ಅನಲಾಗ್ ಅಲ್ವಾ, ಕರೆಂಟ್ ಎಷ್ಟು ಬರುತ್ತೋ ಬಣ್ಣ ಅಷ್ಟು. ನೀಲಿ ಬರೋ ಸೂಜಿಗೆ ಕಿಲುಬು ಹಿಡಿದಿದೆ, ಅದಕ್ಕೆ ಅರ್ಧಂಬರ್ಧ ಬರ್ತಿದೆ. ಡಿಜಿಟಲ್‌ನಲ್ಲಿ ಬರೀ ಅಂಕಿ ಹೋಗುತ್ತೆ ಅಕ್ಕಾ. ಕೇಬಲ್ ಕೆಟ್ರೆ ಚುಕ್ಕಿ ಚುಕ್ಕಿ ಬರುತ್ತೆ, ಇಲ್ಲ ಪರದೆ ಕಪ್ಪಾಗುತ್ತೆ. ಹೀಗೆ ಸದ್ದಿಲ್ದೆ ಬಣ್ಣ ನುಂಗಲ್ಲ."

"ಯಾವಾಗಿಂದ ಹೀಗಿರ್ಬಹುದು?"

"ಈ ಕಿಲುಬು ನೋಡಿದ್ರೆ ವರ್ಷಾನುಗಟ್ಟಲೆ ಆಗಿದೆ." ಹಾಗೆಂದವನು ಗೋಡೆಯ ಮೇಲೆ ಸಾಲಾಗಿ ಅಂಟಿಸಿದ್ದ ಅವಳ ಹಳೆಯ ಪ್ರಿಂಟುಗಳತ್ತ ತಿರುಗಿದ. ಆಕಾಶಗಳು, ನವಿಲಿನ ಕತ್ತು, ಶಾಯಿಯ ಸೀಸೆ, ಎಲ್ಲವೂ ಇರಬೇಕಾದ ನೀಲಿಯಲ್ಲೇ ಇದ್ದವು. ಅವನು ಅವುಗಳನ್ನೂ ಕೈಯಲ್ಲಿದ್ದ ಕೇಬಲ್ಲನ್ನೂ ಮತ್ತೆ ಮತ್ತೆ ನೋಡಿದ. "ಅಕ್ಕಾ, ಈ ಸುಳ್ಳುಬುರುಕನ್ನ ಇಟ್ಕೊಂಡು ಇವನ್ನೆಲ್ಲ ಹೇಗೆ ಮಾಡಿದ್ರಿ?"

ಅವಳಿಗೂ ಹೊಳೆದದ್ದು ಈಗಲೇ. ಕೇಬಲ್ಲು ದಿನವೂ ಚೂರು ಚೂರಾಗಿ ನೀಲಿಯನ್ನು ಕದ್ದಿತ್ತು, ಕಣ್ಣು ಒಂದು ಮಾತೂ ಹೇಳದೆ ದಿನವೂ ಅದನ್ನು ತುಂಬಿಕೊಟ್ಟಿತ್ತು. ಆ ಕಣ್ಣನ್ನೇ ಅವಳು ಕೆಟ್ಟುಹೋಯಿತೆಂದು ಶಪಿಸಿದ್ದಳು. ಅಲ್ಲೇ ನಿಂತು ಅಂಗೈಯಿಂದ ಎರಡೂ ಕಣ್ಣುಗಳನ್ನು ಮೆಲ್ಲಗೆ ಮುಚ್ಚಿಕೊಂಡಳು, ಮಗುವನ್ನು ಸಮಾಧಾನ ಮಾಡುವ ಹಾಗೆ.

ಆಮೇಲೆ ಹೊಸ ಪರದೆಯ ಮುಂದೆ ಕೂತಳು. ಮೂಲ ಚಿತ್ರವನ್ನು ಪಕ್ಕದಲ್ಲಿ ಹಿಡಿದು ನೋಡಿದಳು. ಎರಡು ಸಮುದ್ರಕ್ಕೂ ವ್ಯತ್ಯಾಸವಿರಲಿಲ್ಲ. ಆದರೂ ಬಲಗೈ ನೀಲಿಯನ್ನು ಇಳಿಸಲು ತಾನಾಗಿ ಮೌಸಿನತ್ತ ಹೊರಟಿತು. ಬಣ್ಣದಕ್ಕ ಅದನ್ನು ಹಿಡಿದೆಳೆದು, ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೇ ಕೂತಳು. ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ.

"ಹಾಕಿ" ಎಂದಳು.

ಯಂತ್ರ ಹಾಳೆಯನ್ನು ಉಗುಳಿತು. ಯಜಮಾನರು ಅದನ್ನೆತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು, ಮೂಲವನ್ನು ಪಕ್ಕಕ್ಕೆ ಹಿಡಿದರು. "ಅಬ್ಬಾ! ಕೈ ಒದ್ದೆ ಆಗತ್ತೇನೋ ಅನ್ಸುತ್ತಲ್ಲ ಅಕ್ಕಾ" ಎಂದರು.

ಸಂಜೆ ಒಂದು ಹಾಳೆಯನ್ನು ಸುರುಳಿ ಸುತ್ತಿ ಮನೆಗೆ ತಂದು ತಾಯಿಯ ಮುಂದೆ ಬಿಡಿಸಿದಳು. ಹೊಟ್ಟೆಯಲ್ಲಿಟ್ಟುಕೊಂಡ ಹೆದರಿಕೆಯನ್ನೂ ಕೇಬಲ್ಲಿನ ಕಥೆಯನ್ನೂ ಒಂದೇ ಉಸಿರಿಗೆ ಹೇಳಿದಳು. "ಅಮ್ಮಾ, ಪರದೇಲಿ ಇಷ್ಟೊಂದು ನೀಲಿ ಇತ್ತಮ್ಮ. ನಾನು ನೋಡೇ ಇರ್ಲಿಲ್ಲ."

ಮುದುಕಿಗೆ ಕೇಬಲ್ಲು ಎಷ್ಟು ಅರ್ಥವಾಯಿತೋ. ಸಮುದ್ರದ ಮೇಲೆ ಬೆರಳಾಡಿಸಿ, ಮಗಳ ಒದ್ದೆ ಕಣ್ಣನ್ನು ನೋಡಿ, "ಓಹೋ, ನಿಂಗೂ ಪೊರೆ ತೆಗೆದ್ರಾ?" ಎಂದಳು.

ಬಣ್ಣದಕ್ಕನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಎದ್ದು ಹೋಗಿ ಬಚ್ಚಲುಮನೆಯ ದೀಪ ಹಾಕಿದಳು. ತಾಯಿಯೂ ಹಿಂದೆಯೇ ಬಂದಳು. ಇಬ್ಬರೂ ಹೊಸ್ತಿಲ ಮೇಲೆ ಒತ್ತಿ ಕೂತುಕೊಂಡು ಆ ಬಕೆಟನ್ನು ನೋಡಿದರು.