ಜೀಪ್ ಹೂಡಿನ ಹೊಲಿಗೆ

ಆ ವರ್ಷದ ಮಳೆಗಾಲದ ನನ್ನ ಡೈರಿಯಲ್ಲಿ ಅತಿ ಹೆಚ್ಚು ಸಲ ಬರೆದಿರುವ ಮಾತು ‘ಆಗಲಿಲ್ಲ’ ಎಂಬುದು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಪ್ರವಾಸಿಗರನ್ನು ಕಡಲಿನೊಳಗೆ ಮುಳುಗಿಸಿ ಮೀನು ತೋರಿಸಿಕೊಂಡು ಬರುವ ಕರಾವಳಿಯ ಒಂದು ದೋಣಿಯಲ್ಲಿ ನಾನು ಕೆಲಸಕ್ಕಿದ್ದೆ. ಕೆಲಸವೆಂದರೆ ದಡದ ಕೆಲಸ. ಸಿಲಿಂಡರ್ ಹೊರುವುದು, ಬೇರೆಯವರು ತೊಟ್ಟು ಬಿಟ್ಟ ಉಡುಪನ್ನು ಸಿಹಿನೀರಿನಲ್ಲಿ ತೊಳೆದು ಒಣಹಾಕುವುದು. ಮುಳುಗಲು ಕಲಿತಿದ್ದರೂ ಇಳಿಯುವ ಸರದಿ ನನ್ನ ತನಕ ಬರುತ್ತಿರಲಿಲ್ಲ. ಜೂನ್‌ನಲ್ಲಿ ಕಡಲು ಕೆರಳಿ ದೋಣಿಯನ್ನು ಮೇಲೆಳೆದ ದಿನ ಯಜಮಾನರು ಹೇಳಿದರು: “ಮಳೆ ಮುಗಿಸಿ ಬರುವಾಗ ನಿನ್ನ ಸಾಮಾನು ನಿನ್ನ ಮೈಗೆ ಸರಿ ಮಾಡಿಕೊಂಡು ಬಾ ಮಾರಾಯ. ನೋಡ್ತೇನೆ. ಸರಿ ಉಂಟಾದರೆ ನೀರಿಗೆ. ಇಲ್ಲದಿದ್ದರೆ ಇನ್ನೊಂದು ವರ್ಷ ಬಟ್ಟೆ ತೊಳಿ.”

ನನ್ನ ಸಾಮಾನೆಂದರೆ ತನ್ನ ದೇಶಕ್ಕೆ ಮರಳುವಾಗ ವಿದೇಶಿಯೊಬ್ಬ ಅರ್ಧ ಬೆಲೆಗೆ ಕೊಟ್ಟು ಹೋದದ್ದು. ಅವನು ಬಾಗಿಲು ತುಂಬುವ ಆಳು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುವ ಅವನ ಜಾಕೆಟ್ಟಿನ ಸೊಂಟಪಟ್ಟಿ ನನ್ನನ್ನು ಎರಡು ಸುತ್ತು ಸುತ್ತಿ ಬರುತ್ತಿತ್ತು. ಎಲ್ಲವನ್ನೂ ಕಾಫಿಯ ಗೋಣಿಚೀಲಕ್ಕೆ ತುಂಬಿಕೊಂಡು ಹಾನುಬಾಳಿನಲ್ಲಿ ಬಸ್ ಇಳಿದೆ. ಮನೆಯ ಜಗಲಿಯ ಮೇಲೆ ಚೀಲ ಸುರಿದಾಗ ಅಕ್ಕ ಕಪ್ಪು ರಬ್ಬರ್ ಉಡುಪನ್ನು ಕಾಲಬೆರಳಿನಿಂದ ಎತ್ತಿ ನೋಡಿದಳು.

“ಏನೋ ಇದು, ಎಮ್ಮೆ ಸುಲ್ಕಂಡ್ ಬಂದಿದ್ದೀಯಾ?”

ಆ ಉಡುಪು ಮಳೆ ಮುಗಿಯುವವರೆಗೂ ಒಣಗಲಿಲ್ಲ. ಜಗಲಿಯಲ್ಲಿ ಹಾಕಿದರೆ ಬೂಸ್ಟು. ಒಮ್ಮೆ ಅಕ್ಕ ಕನಿಕರಪಟ್ಟು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದಳು. ಮರುದಿನ ಬೆಳಿಗ್ಗೆ ಮಂಡಿಯ ಭಾಗ ಚಕ್ಕೆಯಂತಾಗಿತ್ತು. ಮಾಸ್ಕಿನ ಹಳೆಯ ಪಟ್ಟಿ ತುಂಡಾಯಿತು. ಸೈಕಲ್ ಟ್ಯೂಬ್ ಸೀಳಿ ಹೊಸದು ಕಟ್ಟಿದೆ. ಅದು ಕೂದಲನ್ನು ಕಿತ್ತುಕೊಂಡೇ ಬಿಡುತ್ತಿತ್ತು. ಸಿಲಿಂಡರ್ ಮನೆಗೆ ತರುವಂತಿರಲಿಲ್ಲ. ಜಾಕೆಟ್ಟಿನ ಬೆನ್ನಿಗೆ ಅಷ್ಟೇ ಉದ್ದದ ಪಿವಿಸಿ ಪೈಪನ್ನು ಮರಳು ತುಂಬಿ ಕಟ್ಟಿಕೊಂಡು, ಕಣ್ಣು ಮುಚ್ಚಿ ಕೈಯಾಡಿಸುತ್ತಿದ್ದೆ. ನೀರಿನಡಿ ಕತ್ತಿ ಎಲ್ಲಿದೆ, ಗಾಳಿಯ ಮಾಪಕ ಎಲ್ಲಿದೆ ಎಂದು ಹುಡುಕುತ್ತ ಕೂರಲಾಗದು. ಕೈ ಹೋದ ಕಡೆ ವಸ್ತು ಇರಬೇಕು. ಆದರೆ ಸೊಂಟಪಟ್ಟಿ ಬಿಗಿ ಮಾಡಿದರೆ ಜೇಬು ಬೆನ್ನಿಗೆ ಸರಿಯುತ್ತಿತ್ತು. ಜೇಬನ್ನು ಮುಂದೆ ಎಳೆದುಕೊಂಡರೆ ಮಾಪಕದ ಕೊಳವೆ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಅಂಥ ದಿನಗಳಲ್ಲಿ ಡೈರಿಗೆ ಬೇರೆ ಮಾತು ಬೇಕಿರಲಿಲ್ಲ.

ಕೊನೆಗೆ ಸಕಲೇಶಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಜೀಪುಗಳಿಗೆ ಕ್ಯಾನ್ವಾಸ್ ಹೂಡ್ ಹೊಲಿಯುವವನೊಬ್ಬನಿದ್ದ. ದಪ್ಪ ಪಟ್ಟಿಗೆ ಸೂಜಿ ಇಳಿಸಬಲ್ಲ ಮಿಷನ್ ಅವನಲ್ಲಿ ಮಾತ್ರ ಇತ್ತು. ಜಾಕೆಟ್ಟನ್ನು ನನ್ನ ಮೈಮೇಲೆ ಹಾಕಿಸಿ, ಸೀಮೆಸುಣ್ಣದಿಂದ ಗುರುತು ಮಾಡಿ, ಚೆನ್ನಾಗಿ ಚಿಕ್ಕದು ಮಾಡಿದ; ಜೇಬನ್ನು ಮಾತ್ರ ಇದ್ದಲ್ಲೇ ಬಿಟ್ಟ. ಕೊನೆಗೆ ಸೀಸದ ಪಟ್ಟಿಯನ್ನು ಕೊಟ್ಟೆ. ಮುಳುಗುವವರು ಮೇಲೆ ತೇಲದಿರಲೆಂದು ಸೊಂಟಕ್ಕೆ ಸೀಸದ ಗಟ್ಟಿಗಳನ್ನು ಪೋಣಿಸಿದ ಪಟ್ಟಿ ಕಟ್ಟುತ್ತಾರೆ. ಗಟ್ಟಿಗಳು ಜಾರದಂತೆ ನಡುನಡುವೆ ಒಂದೊಂದು ಹೊಲಿಗೆ ಹಾಕಿ, ಉಳಿದ ಬಾಲವನ್ನು ಕತ್ತರಿಸು ಎಂದೆ.

“ಇದು ನೀರಾಗೆ ಬಿಚ್ಕಂಡ್ರೆ?” ಎಂದು ಅವನು ಕೇಳಿದ.

“ಬಿಚ್ಚಲ್ಲ ಅಣ್ಣ, ಬಕಲ್ ಐತಲ್ಲ.”

“ಬಕಲ್ ನಂಬ್ತೀಯಲ್ಲೋ ಮಾರಾಯ! ಹೊಂಗಡಹಳ್ಳ ದಾಟಿದ್ ಮೇಲೆ ಬೀಸೋ ಗಾಳಿಗೆ ಎಷ್ಟು ಹೂಡು ಬಕಲ್ ಸಮೇತ ಕಿತ್ಕಂಡ್ ಹೋಗ್ಬುಟ್ಟವೆ ಗೊತ್ತಾ? ನಂದು ಮಾತ್ರ ಒಂದೂ ಹೋಗಿಲ್ಲ. ನೀ ಟೀ ಕುಡ್ಕಂಡ್ ಬಾ.”

ಟೀ ಕುಡಿದು ಬರುವಷ್ಟರಲ್ಲಿ ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿಟ್ಟಿದ್ದ. ಬಸ್ ಹೊರಟು ನಿಂತಿತ್ತು. ಬಿಚ್ಚಿ ನೋಡಿದ್ದು ಮನೆಯಲ್ಲಿ. ಬಕಲ್ಲಿನ ಮೇಲೆ ಅಂಗೈ ಅಗಲದ ಕ್ಯಾನ್ವಾಸ್ ಮುಚ್ಚಳ, ಅದಕ್ಕೆ ಜೀಪಿನ ಪರದೆಗೆ ಹಾಕುವಂಥ, ತಿರುಗಿಸಿ ಬಿಗಿಸುವ ಎರಡು ಹಿತ್ತಾಳೆ ಗುಂಡಿ. ಜಗಲಿಯಲ್ಲಿ ನಿಂತು ಹಾಕಿ ಬಿಚ್ಚಿದೆ. ಸಲೀಸಾಗಿ ಬಂತು. ಮೊದಲ ಬಾರಿಗೆ ಒಂದು ಕೆಲಸ ಮುಗಿಯಿತೆಂದು ಬರೆದೆ.

ಮಳೆ ಬಿಟ್ಟಿದ್ದ ಒಂದು ಮಧ್ಯಾಹ್ನ ಎಸ್ಟೇಟಿನ ಕೆರೆಗೆ ಹೋದೆವು. ನನ್ನ ಜಾಕೆಟ್ಟಿಗೆ ಹಗ್ಗ ಕಟ್ಟಿ, ತುದಿಯನ್ನು ಅಕ್ಕನ ಕೈಗೆ ಕೊಟ್ಟೆ. ಯಜಮಾನರು ತಪ್ಪದೆ ನೋಡುವ ಪರೀಕ್ಷೆಯೊಂದಿತ್ತು. ನೀರಿನಡಿ ಅಪಾಯವಾದರೆ ಸೀಸದ ಪಟ್ಟಿಯನ್ನು ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ಕಳಚಿ ಬಿಡಬೇಕು. ಉಳಿದ ಸಾಮಾನೆಲ್ಲ ಬಿಗಿಯಾಗಿರಬೇಕು, ಅದೊಂದು ಮಾತ್ರ ಕಳಚಬೇಕು. ಕತ್ತಿನವರೆಗಿನ ನೀರಿನಲ್ಲಿ ಉಸಿರು ಕಟ್ಟಿ ಮುಳುಗಿ ಕುಳಿತೆ. ಮುಚ್ಚಳಕ್ಕೆ ಕೈ ಹಾಕಿದೆ. ಒದ್ದೆಯಾದ ಕ್ಯಾನ್ವಾಸ್ ಉಬ್ಬಿ ಗುಂಡಿಗಳನ್ನು ಕಚ್ಚಿಕೊಂಡಿತ್ತು. ಒಂದು ಕೈ ಸಾಲದೆ ಎರಡೂ ಕೈ ಹಾಕಿದೆ. ಏಳೋಣವೆಂದರೆ ಕಾಲು ಕೆಸರಿನಲ್ಲಿ ಹೂತಿತ್ತು, ಬೆನ್ನಿಗೆ ಮರಳಿನ ಪೈಪು. ಹಗ್ಗವನ್ನು ಜಗ್ಗಿದೆ.

ಅಕ್ಕ ನನ್ನನ್ನು ದಡಕ್ಕೆ ಎಳೆದು ಹಾಕಿದಳು. ನಾನು ಕೆಮ್ಮುತ್ತಿದ್ದರೆ ಅವಳು ಏದುಸಿರು ಬಿಡುತ್ತಿದ್ದಳು.

“ಕೆಸರಿಗೆ ಬಿದ್ದ ದನ ಎಳ್ದಂಗಾಯ್ತಲ್ಲೋ! ಬಿಚ್ಚೋ ಅದನ್ನ ಮೊದ್ಲು.”

ಬಿಚ್ಚಲು ಅವಳಿಂದಲೂ ಆಗಲಿಲ್ಲ. “ಕುಯ್ದ್ ಹಾಕ್ತೀನಿ, ಕತ್ತಿ ಕೊಡು” ಎಂದಳು. ಬೇರೆ ಪಟ್ಟಿ ನನ್ನಲ್ಲಿರಲಿಲ್ಲ, ಬೇಡವೆಂದೆ. ಸೀಸ ಕಟ್ಟಿಕೊಂಡೇ ತೋಟದ ನಡುವೆ ಮನೆಗೆ ನಡೆದೆ. ಎದುರಾದವರಿಗೆಲ್ಲ ಅಕ್ಕನೇ ಉತ್ತರ ಹೇಳುತ್ತಿದ್ದಳು: “ಏನಿಲ್ಲ, ನಮ್ಮ ಹುಡುಗ ಡಾಬು ಹಾಕ್ಕಂಡವ್ನೆ.” ಬಚ್ಚಲೊಲೆಗೆ ಸೊಂಟ ಕೊಟ್ಟು ಕುಳಿತೆ. ಕ್ಯಾನ್ವಾಸ್ ಒಣಗಿದ ಮೇಲೆ ಗುಂಡಿಗಳು ತಾವಾಗಿ ಸಡಿಲವಾದವು.

ಮರುದಿನ ಸಿಟ್ಟಿನಲ್ಲೇ ಸಕಲೇಶಪುರಕ್ಕೆ ಹೋಗಿ ಪಟ್ಟಿಯನ್ನು ಅವನ ಮಿಷನ್ ಮೇಲೆ ಇಟ್ಟೆ. ನಡೆದದ್ದನ್ನು ಹೇಳಿದೆ. ಅವನು ಹೊಲಿಗೆಯನ್ನು ಉಗುರಿನಿಂದ ಗೀರಿ ನೋಡಿದ.

“ನಾ ಹೊಲ್ದಿದ್ದು ಬಿಚ್ಕಂಡ್ ಹೋಯ್ತು ಅಂತ ಇಲ್ಲೀಗಂಟ ಒಬ್ಬನೂ ಬಂದಿಲ್ಲ ಕಣೋ. ಬಿಚ್ಲಿಲ್ಲ ಅಂತ ಬಂದೋನು ನೀನೇ ಮೊದ್ಲು.”

“ಅಣ್ಣ, ಇನ್ನೊಂದ್ ಗಳಿಗೆ ಆಗಿದ್ರೆ ಕೆರೇಲೇ ಉಳೀತಿದ್ದೆ.”

ಅವನು ಪಟ್ಟಿಯನ್ನು ನನ್ನ ಕಡೆ ತಳ್ಳಿದ. “ಬಿಚ್ಚಿ ಬೀಳೋ ಹಂಗೆ ಹೊಲಿಯೋಕೆ ನಂಗೆ ಬರಾಕಿಲ್ಲ ಬುಡು. ಬ್ಲೇಡ್ ಕೊಡ್ತೀನಿ, ನೀನೇ ಕಿತ್ಕ.”

ಕಿತ್ತೆ. ಮೇಣ ಹಚ್ಚಿದ ನೈಲಾನ್ ನೂಲು, ಒಂದರ ಮೇಲೊಂದು ಸಾಲು. ಜಗಲಿಯಲ್ಲಿ ಕುಳಿತು ಬ್ಲೇಡಿನ ಮೇಲೆ ಬ್ಲೇಡು ಮೊಂಡು ಮಾಡಿದೆ. ಎರಡು ಬೆರಳು ಕೊಯ್ದುಕೊಂಡೆ. ಪಟ್ಟಿಯ ಅಂಚು ಎಳೆಯೆಳೆಯಾಗಿ ಎದ್ದಿತು. ಮುಚ್ಚಳ ಕೊನೆಗೂ ಕೈಗೆ ಬಂತು. ಇಡೀ ಮಳೆಗಾಲದಲ್ಲಿ ನಾನೇ ಪೂರ್ತಿಯಾಗಿ ಮಾಡಿ ಮುಗಿಸಿದ್ದು ಬೇರೆಯವನ ಕೆಲಸ ಕೀಳುವುದೊಂದನ್ನೇ.

ಅಕ್ಟೋಬರಿನಲ್ಲಿ ದೋಣಿಯ ಮೇಲೆ ಎಲ್ಲವನ್ನೂ ತೊಟ್ಟು ಯಜಮಾನರ ಮುಂದೆ ನಿಂತೆ. ಅವರು ನನ್ನ ಬಕಲ್ಲಿಗೆ ಒಂದು ಬೆರಳು ಹಾಕಿ ಎಳೆದರು. ಸೀಸ ದಡಕ್ಕನೆ ಹಲಗೆಯ ಮೇಲೆ ಬಿತ್ತು. “ಇದು ಸರಿ” ಎಂದರು. ಮಂಡಿಯ ಬಿರುಕನ್ನು ನೋಡಿದರು. ಜಾಕೆಟ್ಟಿನ ಜೇಬಿಗೆ ಕೈ ಹಾಕೆಂದರು. ಹಾಕಿದೆ, ಸಿಗಲಿಲ್ಲ. ಇನ್ನೊಮ್ಮೆ ಹಾಕಿದೆ. ಬೆನ್ನ ಹತ್ತಿರ ಬೆರಳ ತುದಿಗೆ ಸಿಕ್ಕಿತು.

“ಜೇಬು ಹಿಂದಿನವನಿಗೋ? ಪಟ್ಟಿ ನಿನ್ನದೇ ಇರಲಿ. ಉಳಿದದ್ದೆಲ್ಲ ದೋಣಿಯದ್ದು ಹಾಕಿಕೋ. ಇಳಿ.”

ದೋಣಿಯ ಜಾಕೆಟ್ ಎಲ್ಲರ ಅಳತೆಯದು. ಅದರ ಸೊಂಟಪಟ್ಟಿ ನನ್ನನ್ನು ಎರಡು ಸುತ್ತು ಸುತ್ತಿಕೊಂಡಿತು. ಹಾಗೆಯೇ ಇಳಿದೆ. ಕೆಳಗೆ ಕೈಯಾಡಿಸಿದಾಗ ಮಾಪಕ ಎಲ್ಲೋ, ಕತ್ತಿ ಎಲ್ಲೋ. ಬಕಲ್ ಮಾತ್ರ ಇರಬೇಕಾದಲ್ಲಿತ್ತು. ಅದರ ಪಕ್ಕದಲ್ಲಿ ನನ್ನ ಬ್ಲೇಡಿಗೆ ಸಿಗದೆ ಉಳಿದ ಕಪ್ಪು ನೂಲಿನ ಮೋಟುಗಳು ಬೆರಳಿಗೆ ಚುಚ್ಚುತ್ತಿದ್ದವು. ಎಷ್ಟೋ ವರ್ಷ ಉಪ್ಪುನೀರಿನಲ್ಲಿ ನೆಂದರೂ ಅವು ಕಳಚಲಿಲ್ಲ.