ಗಣಪತಿಯ ಮೂಲೆಯಲ್ಲಿ ಭೂಕಂಪದ ಡಬ್ಬಿ

ಕಳೆದ ವರ್ಷದ ಚೌತಿ ಮುಗಿದ ಮೇಲೆ ನಮ್ಮ ಕದ್ವಾಡದ ಮನೆಯ ನಡುಕೋಣೆಯ ಮೂಲೆಯಲ್ಲಿ ಒಂದು ಕಪ್ಪು ಡಬ್ಬಿ ತಂದಿಟ್ಟೆ. ಉಪ್ಪಿನಕಾಯಿ ಭರಣಿಗಿಂತ ದೊಡ್ಡದಲ್ಲ. ಸಾವಿರಾರು ಮೈಲಿ ಆಚೆ ಭೂಮಿ ನಡುಗಿದರೂ ಅದಕ್ಕೆ ತಿಳಿಯುತ್ತದೆ; ಕಿಟಕಿ ಬಳಿಯ ಕಂಪ್ಯೂಟರಿನಲ್ಲಿ ಗೆರೆ ಅಲುಗುತ್ತದೆ. ಬೈತಖೋಲ ಬಂದರಿನ ದೋಣಿಗಳು ದಡ ಸೇರುವ ಮಳೆಗಾಲದಲ್ಲಿ ಸಮುದ್ರದ ಹೊಡೆತಕ್ಕೇ ಗೆರೆ ದಪ್ಪಗಾಗುತ್ತದೆ. ಅಂಕೋಲೆಯ ಕಚೇರಿಯಿಂದ ಬಂದವನು ಚಪ್ಪಲಿ ಬಿಟ್ಟು ಮೊದಲು ನೋಡುವುದು ಅದನ್ನೇ, ನೋಡುತ್ತ ಕೂತರೆ ಚಹಾ ಆರುವುದೂ ಗೊತ್ತಾಗುವುದಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಹೆಂಡತಿ ಹೇಳುವುದು ನನ್ನನ್ನು ನೋಡಿಯೇ. ಶುರುವಿನಲ್ಲಿ ಒಮ್ಮೆ ಗೆರೆ ಜೋರಾಗಿ ಕುಣಿದಾಗ, ಎಲ್ಲೋ ದೊಡ್ಡ ಭೂಕಂಪವಾಗಿದೆ ಎಂದು ಕಚೇರಿಯವರಿಗೆಲ್ಲ ಫೋನು ಮಾಡಿ ಸಾರಿದ್ದೆ. ಕೊನೆಗೆ ನೋಡಿದರೆ, ಅವಳು ಒರಳಿನಲ್ಲಿ ಮೀನುಸಾರಿನ ಮಸಾಲೆ ಅರೆಯುತ್ತಿದ್ದಳು.

ತೊಂದರೆಯೆಂದರೆ ಆ ಮೂಲೆ ಗಣಪತಿಯದು. ಅಜ್ಜನ ಕಾಲದಿಂದ ಚೌತಿಯ ಮೂರ್ತಿ ಕೂರುವುದು ಅಲ್ಲೇ, ಜಾಗ ಬದಲಿಸುವಂತಿಲ್ಲ. ಡಬ್ಬಿಗೂ ಅದೇ ಬೇಕು. ಅಲ್ಲಿ ಮಾತ್ರ ನೆಲದಡಿ ಬಂಡೆಯಿದೆ. ಬೇರೆಡೆ ಇಟ್ಟರೆ ಯಾರೋ ಅಂಗಳ ದಾಟಿದರೂ ಗೆರೆ ಕೆಡುತ್ತದೆ. ಈ ವರ್ಷದ ಚೌತಿ ಹತ್ತಿರ ಬಂದಾಗ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು, ದೇವರ ಜಾಗದಲ್ಲಿ ಅನಿಷ್ಟದ ಸುದ್ದಿ ಹೇಳುವ ವಸ್ತು ಇನ್ನು ಬೇಡ ಎಂದು. ನನಗೆ ನಿಜಕ್ಕೂ ದುಃಖವಾಯಿತು. ಗೋಗರೆದು, ಹಬ್ಬ ಮುಗಿಯುವವರೆಗೆ ಮಂಟಪದ ಕೆಳಗೆ ಬಟ್ಟೆಯ ಮರೆಯಲ್ಲಿ ಇಡಲು ಒಪ್ಪಿಸಿದೆ. ಆಮೇಲೆ ಕೊಟ್ಟಿಗೆಗೆ ಹಾಕುವುದೆಂದು ಮಾತಾಯಿತು.

ಹಬ್ಬದುದ್ದಕ್ಕೂ ಗೆರೆ ಬರೆದದ್ದು ಭಜನೆ, ತಾಳ, ನೆಂಟರ ಮಕ್ಕಳ ಕುಣಿತ. ಕೊನೆಯ ಸಂಜೆ ಎಲ್ಲರೂ ಸೇರಿ ಮೂರ್ತಿಯನ್ನು ಕಾಳಿ ಹೊಳೆಗೆ ಒಯ್ದೆವು.

ವಾಪಸಾದಾಗ ಹೆಂಡತಿಯ ಕೈಯಲ್ಲಿ ಮಣೆ, ಅದರ ಮೇಲೆ ಹೊಳೆಯ ಮರಳು. ಮೂರ್ತಿ ಹೋದ ಜಾಗ ಬರಿದಾಗಬಾರದೆಂದು ಒಂದು ಹಿಡಿ ಮರಳು ತಂದು ಅಲ್ಲಿಡುವುದು ನಮ್ಮಲ್ಲಿ ರೂಢಿ. ಕಂಪ್ಯೂಟರಿನ ಪರದೆಯನ್ನು ಮೊದಲು ಕಂಡವಳು ಅವಳೇ. ಮನೆ ಖಾಲಿಯಿದ್ದ ಹೊತ್ತಿನಲ್ಲಿ ದೂರದ ಭೂಕಂಪವೊಂದು ದಾಖಲಾಗಿತ್ತು: ಮೊದಲು ಸಣ್ಣ ನಡುಕ, ಸ್ವಲ್ಪ ಬಿಟ್ಟು ದೊಡ್ಡದು, ಕೊನೆಗೆ ಉದ್ದುದ್ದ ನಿಧಾನದ ಅಲೆಗಳು. ಅಷ್ಟು ಸ್ವಚ್ಛವಾದ ಗೆರೆ ನನಗೆ ಎಂದೂ ಸಿಕ್ಕಿರಲಿಲ್ಲ. ಹಿಗ್ಗಿಹೋದೆ.

ಅವಳು ಮಣೆ ಹಿಡಿದೇ ನಿಂತಿದ್ದಳು.

"ಅಲ್ಲಿ ಜನ ಇದ್ರಾ?"

ಫೋನಿನಲ್ಲಿ ಹುಡುಕಿದೆ. ನಡುಸಮುದ್ರದ ತಳ, ಹತ್ತಿರ ಊರಿಲ್ಲ, ಯಾರಿಗೂ ಏನೂ ಆಗಿಲ್ಲ ಎಂದೆ. ಅವಳ ಮುಖ ಸಡಿಲವಾಯಿತು. ಮರಳನ್ನು ಜಾಗದಲ್ಲಿಟ್ಟು, ದೀಪ ಹಚ್ಚಿ ಕೈಮುಗಿದಳು. ಕೊಟ್ಟ ಮಾತಿನಂತೆ ನಾನು ಡಬ್ಬಿಯ ವೈರು ಬಿಚ್ಚಲು ಬಗ್ಗಿದೆ.

"ಬಿಡಿ ಮಾರಾಯ್ರೆ," ಎಂದಳು. "ಎಲ್ಲೋ ನೆಲ ಅಲುಗಿದ್ದು ಗೊತ್ತಾದ್ರೆ ಇಲ್ಲಿಂದ ಕೈ ಮುಗೀಲಿಕ್ಕಾದ್ರೂ ಆಗ್ತದಲ್ಲ. ದೇವ್ರ ಹತ್ರಾನೇ ಇರ್ಲಿ."