ಹುಲ್ಲಪ್ಪನ ಎಡಗೈ ಹೆಬ್ಬೆರಳು

ನಮ್ಮ ದನದ ದವಾಖಾನೆಯ ಜವಾನ ಹುಲ್ಲಪ್ಪನ ಬಗ್ಗೆ ಬರೆಯಲು ನನಗಿಂತ ತಕ್ಕವರು ಸಿಗಲಿಕ್ಕಿಲ್ಲ. ಹನ್ನೊಂದು ವರ್ಷ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟವನು ನಾನು. ಅಷ್ಟು ಗಮನವಿಟ್ಟು ಅವನ ಹೆಂಡತಿಯೂ ಅವನನ್ನು ನೋಡಿರಲಾರಳು. ನನ್ನ ಹೆಸರು ಗುರಪ್ಪ, ಅದೇ ದವಾಖಾನೆಯಲ್ಲಿ ಜಾನುವಾರು ಪರೀಕ್ಷಕ.

ಹುಲ್ಲಪ್ಪ ಕಮತಗಿ ಕಡೆಯ ಕುರಿಗಾರರ ಮನೆಯವನು, ಅವರ ಕುಲದೇವರು ಬೀರಪ್ಪನ ಒಕ್ಕಲು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟು, ಇಪ್ಪತ್ತು ವರ್ಷ ಕುರಿಯ ಹಿಂದೆ ತಿರುಗಿ, ಕೊನೆಗೆ ನಮ್ಮಲ್ಲಿ ಕಸ ಹೊಡೆಯುವ, ಬಾಗಿಲು ತೆಗೆಯುವ ಕೆಲಸಕ್ಕೆ ಸೇರಿದ. ಸೇರಿದ ತಿಂಗಳಲ್ಲೇ ಜನ ನನ್ನನ್ನು ದಾಟಿ ಅವನ ಬಳಿ ಹೋಗತೊಡಗಿದರು. ಕುರಿಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಬಲಗೈಯಿಂದ ಕಣ್ಣಿನ ಕೆಳರೆಪ್ಪೆ ಮಗುಚಿ, ಬಿಳಿಚಿದೆಯೋ ಕೆಂಪಗಿದೆಯೋ ನೋಡಿ, ಹೊಟ್ಟೆಯಲ್ಲಿ ಜಂತು ಇದೆಯೋ ಇಲ್ಲವೋ ಎಂದು ಹೇಳಲು ಅವನಿಗೆ ಎಲೆ ಅಡಿಕೆ ಬಾಯಿಗೆ ಹಾಕುವಷ್ಟು ಹೊತ್ತೂ ಬೇಡ. ನನಗೂ ಇದೆಲ್ಲ ಗೊತ್ತು, ಪ್ರಮಾಣಪತ್ರವೂ ಇದೆ. ಆದರೂ ಕುರಿಗಾರರು, "ಸಾಹೇಬ್ರ, ನೀವು ಆರಾಮ ಕುಂದರ್ರಿ, ಹುಲ್ಲಪ್ಪ ನೋಡ್ತಾನ," ಎನ್ನುತ್ತಿದ್ದರು. ಮರ್ಯಾದೆ ಕೊಟ್ಟೇ ಹೇಳುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಬಾಗಲಕೋಟೆಯಿಂದ ವಿದ್ಯಾ ಎಂಬ ಹುಡುಗಿ ಬಂದಳು. ಕುರಿಗೆ ಔಷಧಿ ಕೊಟ್ಟದ್ದನ್ನು ನಿಂತಲ್ಲೇ ದಾಖಲು ಮಾಡುವ ಆ್ಯಪ್ ತಯಾರಿಸುವುದು ಅವಳ ಕೆಲಸ. "ಹೊಸಬರಿಗಲ್ರಿ ಸರ್, ಕೈ ಪಳಗಿದವರಿಗೆ ಮಾಡಾಕತ್ತೇನಿ," ಎಂದಳು. ನನಗೇ ಎಂದು ತಿಳಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೇಜಿನ ಮುಂದೆ ಕೂತು, ಹನ್ನೆರಡು ಕಾಲಮ್ಮಿನ ರಿಜಿಸ್ಟರನ್ನು ವಿವರಿಸಿದೆ. ಅರ್ಧ ದಿನ ಬರೆದುಕೊಂಡಳು. ಮರುದಿನದಿಂದ ಹದಿನೈದು ದಿನ ಹುಲ್ಲಪ್ಪನ ಹಿಂದೆ ಹಟ್ಟಿ ಹಟ್ಟಿ ತಿರುಗಿದಳು.

ಅವಳು ಮಾಡಿ ತಂದದ್ದು ಅವನ ಅಳತೆಗೇ ಹೊಲಿದ ಅಂಗಿಯಂತಿತ್ತು. ಬಲಗೈ ಕುರಿಯ ಮೇಲಿರುತ್ತದೆಂದು ಎಲ್ಲವೂ ಎಡಗೈಗೆ. ಕುರಿಯ ಕಿವಿಗೆ ಚುಚ್ಚಿದ ನಂಬರಿನ ಬಿಲ್ಲೆಗೆ ಫೋನ್ ಹಿಡಿದರೆ ಆ ನಂಬರು ತಾನೇ ಬರುತ್ತಿತ್ತು. ಆಮೇಲೆ ಮೂರೇ ಗುಂಡಿ. ದಿನಕ್ಕೆ ನೂರು ಸಲ ಬೇಕಾಗುವ 'ಔಷಧಿ ಕೊಟ್ಟಿದೆ' ಎಂಬುದು ಕೆಳಗೆ, ಹೆಬ್ಬೆರಳ ಅಡಿಗೇ. 'ಮತ್ತೆ ನೋಡಬೇಕು' ನಡುವೆ. 'ಸತ್ತಿದೆ' ಎಂಬುದು ಮೇಲೆ, ಬೆರಳು ತಪ್ಪಿಯೂ ಮುಟ್ಟದಷ್ಟು ದೂರ. ತಿಂಗಳೊಳಗೆ ಹುಲ್ಲಪ್ಪ ಪರದೆ ನೋಡುವುದನ್ನೇ ಬಿಟ್ಟ. ಕಣ್ಣು ಕುರಿಯ ಮೇಲಿರುತ್ತಿತ್ತು, ಹೆಬ್ಬೆರಳು ತನ್ನ ಪಾಡಿಗೆ ಒತ್ತುತ್ತಿತ್ತು. ಇದನ್ನೇ ಇಡೀ ತಾಲೂಕಿಗೆ ಕೊಡಬಹುದೇ ಎಂದು ನೋಡಲು ಮಲಕಪ್ಪ ಎಂಬ ಕುರಿಗಾರನ ಹಟ್ಟಿಯಲ್ಲಿ ಕೊನೆಯ ಪರೀಕ್ಷೆ ಇಟ್ಟರು. ಜವಾನನ ಕೈಯಂತೆ ತಾಲೂಕಿನ ಪರೀಕ್ಷಕರೆಲ್ಲ ಕೈ ಆಡಿಸುವ ಕಾಲ ಬಂತಲ್ಲ ಎಂದು ಅವತ್ತು ಊಟದ ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ಒಯ್ದೆ.

ಪರೀಕ್ಷೆಗೆ ಎರಡು ದಿನ ಮೊದಲು ವಿದ್ಯಾಳಿಗೆ ಫೋನ್ ಮಾಡಿದೆ. "ಗುಂಡಿ ನಮ್ಮ ರಿಜಿಸ್ಟರಿನಂಗ ಇರಬೇಕವಾ. ಔಷಧಿ ಮ್ಯಾಲ, ಸಾವು ಕೆಳಗ."

"ಹುಲ್ಲಪ್ಪಣ್ಣಗ ರೂಢಿ ತಪ್ಪತೈತಲ್ರಿ ಸರ್?"

"ಅವಂಗ ನಾ ಹೇಳ್ತೇನಿ ಬಿಡು."

ರಿಜಿಸ್ಟರಿಗೆ ಸಹಿ ಹಾಕುವವನು ನಾನಾದ್ದರಿಂದ ಒಪ್ಪಿದಳು. ನಾನು ಹೇಳಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಎಲ್ಲರ ಮುಂದೆ ಅವನ ಹೆಸರು ಕೆಡಲಿ ಎಂದೇ ಸುಮ್ಮನಿದ್ದೆ.

ಆ ದಿನ ಹುಲ್ಲಪ್ಪ ಮೂವತ್ತೇಳು ಕುರಿಗಳನ್ನು ಒಂದೇ ಸಮನೆ ಮುಗಿಸಿದ. ವಿದ್ಯಾ ಲ್ಯಾಪ್‌ಟಾಪ್ ನೋಡಿ ಗಾಬರಿಯಾದಳು. "ಎಲ್ಲಾ ಸತ್ತಾವು ಅಂತ ಬಂದೈತಲ್ರಿ!"

ಮಲಕಪ್ಪ ಕೋಲು ನೆಲಕ್ಕೆ ಕುಟ್ಟಿದ. "ಲೇ ಹುಲ್ಲಪ್ಪ, ಬೀರಪ್ಪನ ಭಂಡಾರದ ಅರಿಶಿಣ ಹಚ್ಚಿದ ಕುರಿಗೋಳು ಇವು. ಮೇಯೂ ಕುರಿಗೆ ಸಾವು ಬರೆದಿಯಲ್ಲೋ! ಇನ್ನ ಮುಟ್ಟಬ್ಯಾಡ."

ಹುಲ್ಲಪ್ಪ ತನ್ನ ಹೆಬ್ಬೆರಳನ್ನೇ ನೋಡುತ್ತ ನಿಂತ. "ತಪ್ಪು ನಂದರಿ ಮೇಡಮ್ಮಾರ. ನನ್ನ ಕೈ ಕೆಟ್ಟೈತಿ," ಎಂದ.

ವಿದ್ಯಾ ನನ್ನ ಕಡೆ ತಿರುಗಿದಳು. "ಸರ್, ನೀವು ಹೇಳಿದ್ರಿಲ್ಲ?"

ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ಅವನು ಅಲ್ಲಿಯೂ ನನಗಿಂತ ದೊಡ್ಡವನಾಗಿ ನಿಂತಿದ್ದ. ಅದೂ ಸಹಿಸಲಾಗಲಿಲ್ಲ ನನಗೆ. "ಹೇಳಲಿಲ್ಲ. ಬೇಕಂತನ ಹೇಳಲಿಲ್ಲ. ಇವನ ಕೈ ನನಗಿಂತ ಚಲೋ ಐತಿ, ಅದನ್ನ ನೋಡಾಕ ಆಗಲಿಲ್ಲ ನನಗ," ಎಂದುಬಿಟ್ಟೆ. ಮಲಕಪ್ಪ ಪಕ್ಕಕ್ಕೆ ಉಗುಳಿದ. ಹುಲ್ಲಪ್ಪ ಕೈ ತೊಳೆಯಲು ಹೋದ.

ವಿದ್ಯಾ ಅವತ್ತೇ ಗುಂಡಿಗಳನ್ನು ಮೊದಲಿನ ಜಾಗಕ್ಕೆ ತಂದಳು. ಈಗ ತಾಲೂಕಿನ ತುಂಬ ಅದೇ ನಡೆಯುತ್ತಿದೆ. ಮೊನ್ನೆ ಹೊಸ ಪರೀಕ್ಷಕಿಯೊಬ್ಬಳು ಪರದೆಯ ಕಡೆ ತಿರುಗಿಯೂ ನೋಡದೆ ಪಟಪಟ ಒತ್ತುವುದನ್ನು ಕಂಡೆ. ಹುಲ್ಲಪ್ಪ ಮಾತ್ರ ಒಂದೊಂದು ಕುರಿಗೂ ಫೋನನ್ನು ಮುಖದ ಹತ್ತಿರ ತಂದು, ತುಟಿ ಆಡಿಸುತ್ತ ಅಕ್ಷರ ಕೂಡಿಸಿ ಓದಿ, ಆಮೇಲೆ ಒತ್ತುತ್ತಾನೆ. ಅಷ್ಟರಲ್ಲಿ ಕುರಿ ಮೊಣಕಾಲಿನಿಂದ ಜಾರಿ ಓಡಿಹೋಗುತ್ತದೆ.

"ಗುಂಡಿ ಮೊದಲಿನ ಜಾಗಾದಾಗ ಅದಾವೋ ಹುಲ್ಲಪ್ಪ, ನೋಡಬ್ಯಾಡ, ಒತ್ತು," ಎಂದರೆ, "ಇರ್ಲಿ ಬಿಡ್ರಿ ಸಾಹೇಬ್ರ, ನೋಡೇ ಒತ್ತತೇನಿ," ಎನ್ನುತ್ತಾನೆ.

ಅವನ ಕೈ ಈಗ ನನ್ನ ಕೈಯಷ್ಟೇ ನಿಧಾನ. ನಾನು ಬಯಸಿದ್ದೂ ಅದನ್ನೇ.